ಹೆಪ್ಪಿನಮ್ಮನ ಭರಣಿ

“ಭರಣಿ ಇಲ್ಲ! ಅಯ್ಯೋ, ಭರಣಿ ಇಲ್ಲ!”

ಕೂಗು ಕೇಳಿದಾಗ ನಾನು ಕೋಟೆಯ ಹಳೇ ಅಡುಗೆಮನೆಯಲ್ಲಿದ್ದೆ. ನಾನು ಈ ಕೋಟೆಯ ಗೈಡು. ಬೆಳಗಿನ ಮೊದಲ ಗುಂಪನ್ನು ಗೋಡೆಗೂಡುಗಳ ಮುಂದೆ ನಿಲ್ಲಿಸಿಕೊಂಡು, ಅಲ್ಲಿ ಸಾಲಾಗಿ ಇಟ್ಟಿರುವ ಹಳೆಯ ಭರಣಿಗಳ ಬಗ್ಗೆ ಒಂದಿಷ್ಟು ನಿಜಕ್ಕೆ ಒಂದಿಷ್ಟು ಒಗ್ಗರಣೆ ಹಾಕಿ ಬಡಿಸುತ್ತಿದ್ದೆ. ರಾಣಿಯೊಬ್ಬಳು ಸವತಿಗೆ ವಿಷವಿಟ್ಟದ್ದು ಇದರಲ್ಲೇ ಎಂದು ಒಂದು ಭರಣಿಯ ಮೇಲೆ ಕೈಯಿಟ್ಟು ತೋರಿಸುತ್ತಿದ್ದಾಗ ಆ ಕೂಗು ಕೇಳಿತು. ಗುಂಪಿನವರು ಅದೂ ನನ್ನ ಕಥೆಯ ಭಾಗವೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಭರಣಿಯ ಮೇಲಿಂದ ಕೈ ತೆಗೆದೆ. ಕೂಗಿದ್ದು ಹೆಪ್ಪಿನಮ್ಮ. ಆಕೆ ದನಿ ಎತ್ತರಿಸಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಜನ ಎಲ್ಲೆಲ್ಲಿಂದಲೋ ನಮ್ಮ ಕೋಟೆಗೆ ಬರುವುದು ಅರ್ಧ ಕಲ್ಲು ನೋಡಲು, ಅರ್ಧ ಜೇನುಹುಳಿ ಕುಡಿಯಲು. ವರ್ಷದ ಹಬ್ಬಕ್ಕೆ ಮಾತ್ರ ಮಾಡುವ ಪಾನೀಯ ಅದು. ಜೇನು, ಶುಂಠಿ, ಹಣ್ಣಿನ ಸಿಪ್ಪೆ ಹಾಕಿ ಕುದಿಸಿ ಆರಿಸಿದ ನೀರನ್ನು ದೊಡ್ಡ ಗುಡಾಣಗಳಿಗೆ ತುಂಬಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದಕ್ಕೂ ಹೆಪ್ಪು ಹಾಕುತ್ತಾರೆ. ಹಬ್ಬದ ಹೊತ್ತಿಗೆ ಹುಳಿ ಬಂದು ನೊರೆಯೇಳುತ್ತದೆ. ಪ್ರವಾಸಿಗಳಲ್ಲಿ ಒಬ್ಬರಾದರೂ ಲೋಟ ಕೆಳಗಿಟ್ಟು, ‘ನಮ್ಮ ದೇಶದಲ್ಲೂ ಹಬ್ಬ ಬಂತಂದ್ರೆ ನಮ್ಮಜ್ಜಿ ಇಂಥದ್ದೇ ಏನೋ ಮಾಡ್ತಿದ್ರು’ ಅನ್ನದೆ ಹೋಗುವುದಿಲ್ಲ.

ಆ ಹೆಪ್ಪು ತಲೆಮಾರುಗಳಿಂದ ಒಂದೇ ಮನೆಯವರ ಕೈಯಲ್ಲಿದೆ. ಕೋಟೆಯ ಉಗ್ರಾಣದ ಹಿಂದಿನ ಕೋಣೆಗಳೇ ಅವರ ಮನೆ. ಮನೆಯ ಹಿರಿಯ ಹೆಂಗಸು ದಿನಾ ಬೆಳಗ್ಗೆ ಉಗ್ರಾಣಕ್ಕೆ ಹೋಗಿ, ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಸರಿಸಿ, ಮೂಗಿಟ್ಟು ನೋಡುತ್ತಾಳೆ. ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ. ಬೆರಳು ಅದ್ದುವ ಹಾಗಿಲ್ಲ. ವಾಸನೆ ಹೇಳಿದ ಹಾಗೆ ಒಂದಿಷ್ಟು ಜೇನೋ, ಒಂದಿಷ್ಟು ನೀರೋ ಹಾಕಿ ಮತ್ತೆ ಕಟ್ಟಬೇಕು. ಭರಣಿ ಒಂದೇ, ನೋಡುವ ಮೂಗೂ ಒಂದೇ. ಮನೆಯಲ್ಲಿ ಇನ್ನೊಬ್ಬರು ಬೇರೆ ಹೆಪ್ಪು ಇಟ್ಟುಕೊಂಡರೆ ಹಿರಿಯಳನ್ನು ಮೂಲೆಗೆ ತಳ್ಳಿದ ಹಾಗೆ. ಹೆಪ್ಪಿನಮ್ಮ ಎಂಬ ಹೆಸರು ಆಕೆಗೆ ಬಂದದ್ದೂ ಹೀಗೆಯೇ. ಆಕೆಯ ಅತ್ತೆಯನ್ನೂ ಊರು ಹೆಪ್ಪಿನಮ್ಮ ಎಂದೇ ಕರೆಯುತ್ತಿತ್ತು.

ಇವತ್ತು ಹೆಪ್ಪು ಹಾಕುವ ದಿನ. ಗುಡಾಣಗಳಲ್ಲಿ ಜೇನುನೀರು ನಿನ್ನೆಯಿಂದ ಕಾಯುತ್ತಿದೆ. ಸಂಜೆಯೊಳಗೆ ಹೆಪ್ಪು ಬೀಳದಿದ್ದರೆ ಅಷ್ಟೂ ಹಳಸಿ ಮೋರಿ ಪಾಲು.

ಪ್ರವಾಸಿಗಳನ್ನು ಅಲ್ಲೇ ಬಿಟ್ಟು ನಾನು ಓಡಿದೆ. ನನ್ನ ಹಿಂದೆಯೇ ನನ್ನ ಅತ್ತಿಗೆ. ಅಣ್ಣನ ಹೆಂಡತಿ ಅನ್ನುವುದಕ್ಕಿಂತ, ಅಪರಾಧ ವಿಭಾಗದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು ಅಂದರೆ ಅವರಿಗೆ ಹೆಚ್ಚು ಸಂತೋಷ. ಹಬ್ಬಕ್ಕೆಂದು ನಮ್ಮ ಮನೆಗೆ ಬಂದಿದ್ದರು. ನನ್ನ ಗೈಡುಗಿರಿ ನೋಡಿ ನಗಲು ಗುಂಪಿನ ಹಿಂದೆ ನಿಂತಿದ್ದರು.

ಉಗ್ರಾಣದ ಬಾಗಿಲಲ್ಲಿ ನಾನು ತಡೆದು ನಿಂತೆ. ಹಬ್ಬಕ್ಕೆಂದು ನಿನ್ನೆ ಮಧ್ಯಾಹ್ನ ಬಣ್ಣದವನು ಆ ಬಾಗಿಲಿಗೆ ಧಾರಾಳವಾಗಿ ವಾರ್ನಿಷ್ ಬಳಿದು ಹೋಗಿದ್ದ. ಕಿಟಕಿಯಿಲ್ಲದ ಕೋಣೆ, ರಾತ್ರಿಯೆಲ್ಲ ಮುಚ್ಚಿದ ಬಾಗಿಲು. ಕಣ್ಣಲ್ಲಿ ನೀರು ಬಂತು. ಟವೆಲನ್ನು ಮೂಗಿಗೊತ್ತಿಕೊಂಡೆ. ಅತ್ತಿಗೆ ಮೇಲಿಂದ ಮೇಲೆ ಸೀನಿದರು.

ಒಳಗೆ ಹೆಪ್ಪಿನಮ್ಮ ನೆಲದ ಮೇಲೆ ಕುಸಿದು ಕೂತಿದ್ದರು. ಎದುರಿಗೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಭರಣಿ ಕೂತು ಕೂತು ಆಗಿದ್ದ ದುಂಡನೆಯ ಗುರುತು. ಭರಣಿ ಇಲ್ಲ.

“ನಿನ್ನೆ ರಾತ್ರಿ ಇತ್ತಾ, ಅಮ್ಮ?” ಅತ್ತಿಗೆ ಕೇಳಿದರು.

“ಇತ್ತು ತಾಯಿ. ಬಟ್ಟೆ ಕಟ್ಟಿ, ಬೀಗ ಹಾಕ್ಕೊಂಡು ಹೋದೆ.”

“ಬೀಗ ಒಡೆದಿತ್ತಾ?”

“ಇಲ್ಲ. ಹಾಕಿದ ಹಾಗೇ ಇತ್ತು.”

“ಬೀಗದ ಕೈ?”

“ಒಂದು ನನ್ನ ಸೊಂಟದಲ್ಲಿ. ಇನ್ನೊಂದು ನಮ್ಮ ಅಡುಗೆಮನೇಲಿ, ಮೊಳೆಗೆ ತೂಗಾಕಿದೆ.” ಹೆಪ್ಪಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಬಾಗಿಲು ತೆಗೆದ ಕೂಡ್ಲೇ ನಂಗೆ ಗೊತ್ತಾಗೋಯ್ತು. ದೀಪ ಹಾಕೋಕೆ ಮುಂಚೇನೇ. ದಿನಾ ಬರೋ ವಾಸನೆ ಇರ್ಲಿಲ್ಲ. ಅಷ್ಟು ವರ್ಷ ಆ ವಾಸನೆ ಜೊತೆ ಬದುಕಿದೀನಿ, ಗೊತ್ತಾಗಲ್ವಾ?”

ಅತ್ತಿಗೆ ಇನ್ನೊಮ್ಮೆ ಸೀನಿ, ಉಗ್ರಾಣದ ಹಿಂಬಾಗಿಲು ತೋರಿಸಿದರು. “ಇದು ಎಲ್ಲಿಗೆ ಹೋಗತ್ತೆ?”

“ನನ್ನ ಹಳೇ ಅಡುಗೆಮನೆಗೆ,” ಅಂದೆ. “ಚಿಲಕ ಈ ಕಡೆ ಇದೆ. ಆ ಕಡೆಯಿಂದ ತೆಗೆಯೋಕಾಗಲ್ಲ.”

ಅಂದರೆ ಕಳ್ಳ ಹೊರಗಿನವನಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂಗಳದಲ್ಲಿ ಅಷ್ಟರಲ್ಲೇ ಹೇಳುವವರು ಸೇರಿದ್ದರು.

ಹಬ್ಬದ ಸಮಿತಿಯ ಅಧ್ಯಕ್ಷರು ಉಗ್ರಾಣದೊಳಗೆ ಇಣುಕಿ ಬಂದು, ಬೆವರು ಒರೆಸಿಕೊಳ್ಳುತ್ತ ಅತ್ತಿಂದಿತ್ತ ತಿರುಗುತ್ತಿದ್ದರು. ಕೋಟೆ ಬಾಗಿಲ ಹೊರಗಿನ ಸೋಡಾ ಅಂಗಡಿಯವನೂ ಬಂದಿದ್ದ. ನನ್ನ ಅನುಮಾನವೆಲ್ಲ ಅವನ ಮೇಲೆಯೇ. ಹಬ್ಬದಲ್ಲಿ ಜೇನುಹುಳಿಯ ಬದಲು ತನ್ನ ಸೋಡಾ ಕೊಡಿ ಎಂದು ಪ್ರತಿ ವರ್ಷ ಸಮಿತಿಯ ತಲೆ ತಿನ್ನುವ ಆಸಾಮಿ ಅವನು.

ಆದರೆ ಬಾಂಬು ಹಾಕಿದವನೂ ಅವನೇ. “ನಾನು ಯಾರ ಮೇಲೂ ಹೇಳ್ತಿಲ್ಲಪ್ಪ. ನಿನ್ನೆ ಸಂಜೆ ಹೆಪ್ಪಿನಮ್ಮನ ಸೊಸೆ ಏನೋ ಬಟ್ಟೆ ಸುತ್ತಿದ್ದನ್ನ ಎದೆಗವಚಿಕೊಂಡು ಹೋಗ್ತಿದ್ರು. ಭರಣಿ ಥರಾನೇ ಇತ್ತು. ಮಾತಾಡಿಸಿದ್ರೂ ನಿಲ್ಲಲಿಲ್ಲ.”

ಎಲ್ಲರೂ ಒಮ್ಮೆಗೇ ತಿರುಗಿ ನೋಡಿದರು. ಸೊಸೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ತವರಿನಲ್ಲಿ ತಂಗಿಯ ಬಾಣಂತನ ಮುಗಿಸಿಕೊಂಡು ನಿನ್ನೆಯಷ್ಟೇ ಬಂದವಳು.

ಮನೆ ಹುಡುಕಿದರು. ಅವಳ ಟ್ರಂಕಿನಲ್ಲಿ, ಸೀರೆಗಳ ನಡುವೆ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಾಜಿನ ಜಾಡಿ ಸಿಕ್ಕಿತು. ಒಳಗೆ ಹೆಪ್ಪು! ಸಣ್ಣಗೆ ಗುಳ್ಳೆಯೇಳುತ್ತಿತ್ತು.

“ಇದೆಲ್ಲಿಂದ ಬಂತಮ್ಮ?” ಅಧ್ಯಕ್ಷರು ಗದರಿದರು.

“ನಂದು.”

“ನಿಂದಾ? ಹೆಪ್ಪು ನಿಂದು ಹೇಗಾಗತ್ತೆ? ಭರಣಿ ಎಲ್ಲಿ ಬಿಸಾಕಿದೆ?”

ಅವಳು ತುಟಿ ಕಚ್ಚಿಕೊಂಡು ನಿಂತಳು. ಅವಳ ಗಂಡ ಕೋಟೆಯ ದೀಪಗಳನ್ನು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್. ಕೈಯಲ್ಲಿ ವೈರು ಹಿಡಿದುಕೊಂಡು ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ. “ಏನಾದ್ರೂ ಹೇಳೇ,” ಅಂದ.

“ಅವಳನ್ನ ಬಿಟ್ಬಿಡಿ,” ಅಂದರು ಹೆಪ್ಪಿನಮ್ಮ. “ಹೋಗಿದ್ದು ಹೋಯ್ತು. ಅವಳನ್ನ ಬಿಟ್ಬಿಡಿ.”

“ಎಂಥಾ ದೊಡ್ಡ ಮನಸ್ಸು ನೋಡಿ!” ಅಂಗಳದಲ್ಲಿ ಯಾರೋ ಅಂದರು. “ಇಂಥಾ ಅತ್ತೆಗೆ ಎಂಥಾ ಕಳ್ಳ ಸೊಸೆ!”

“ಬಿಡೋಕಾಗಲ್ಲ,” ಅಧ್ಯಕ್ಷರು ಅಂದರು. “ಇದು ಇಡೀ ಊರಿನ ಸೊತ್ತು. ಸಂಜೆ ಸ್ಟೇಷನ್‌ನವರು ಬರ್ತಾರೆ, ಒಪ್ಪಿಸೋದೇ.”

ಕಳ್ಳಿ ಅನ್ನಿಸಿಕೊಂಡು ಜೀಪು ಹತ್ತಿದವಳು ನಾಳೆ ತಪ್ಪಿಲ್ಲವೆಂದು ಹೊರಗೆ ಬಂದರೂ ಈ ಊರು ಮರೆಯುತ್ತದೆಯೇ? ತವರಿನಲ್ಲಿ ತಾನೇ ಏನೆಂದುಕೊಂಡಾರು? ಅವಳನ್ನು ಸಮಿತಿಯ ಕೋಣೆಯಲ್ಲಿ ಕೂರಿಸಿದರು. ಜಾಡಿಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟರು.

“ಸಂಜೆವರೆಗೆ ಟೈಮ್ ಇದೆ,” ಅತ್ತಿಗೆ ಮೆಲ್ಲಗೆ ಅಂದರು. “ಬಾ.”

ಅವರು ಮೊದಲು ಹಿಡಿದದ್ದು ಸೋಡಾದವನನ್ನು.

“ಸೊಸೆ ಬಟ್ಟೆ ಗಂಟು ಹಿಡ್ಕೊಂಡು ಹೋಗ್ತಿದ್ಲು ಅಂದ್ರಲ್ಲ — ಕೋಟೆ ಒಳಗೆ ಹೋಗ್ತಿದ್ಲಾ, ಹೊರಗೆ ಬರ್ತಿದ್ಲಾ?”

“ಒಳಗೆ. ಬಸ್ಸಿಳಿದು ಒಳಗೆ ಹೋಗ್ತಿದ್ರು.”

“ಮನೇಲಿ ಕದ್ದ ಮಾಲನ್ನ ಯಾರಾದ್ರೂ ಹೊರಗಿನಿಂದ ಮನೆಗೆ ತರ್ತಾರೇನ್ರೀ?”

ಸೋಡಾದವನು ಬಾಯಿ ತೆರೆದವನು ಹಾಗೇ ಮುಚ್ಚಿದ. ನಾನೂ ಮುಚ್ಚಿದೆ. ಅಂಗಳದಲ್ಲಿ ಅಷ್ಟು ಜನರಿದ್ದೆವು. ಒಬ್ಬರಾದರೂ ಈ ಪ್ರಶ್ನೆ ಕೇಳಬಾರದಿತ್ತೇ?

ಸಮಿತಿಯ ಕೋಣೆಯಲ್ಲಿ ಅತ್ತಿಗೆ ಜಾಡಿಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಗಾಜಿನ ಒಳಮೈಯಲ್ಲಿ ಮೇಲಿಂದ ಕೆಳಗೆ ಕಂದು ಬಣ್ಣದ ಗೆರೆಗಳು, ಒಂದರ ಕೆಳಗೊಂದು.

“ಎಷ್ಟು ತಿಂಗಳಿಂದ ಸಾಕ್ತಿದೀಯಮ್ಮ ಇದನ್ನ?”

ಸೊಸೆ ಜಾಡಿಗೆ ಕೈ ಚಾಚಿ ಹಿಂದಕ್ಕೆಳೆದುಕೊಂಡಳು.

“ಹೆಪ್ಪು ಏರಿ ಇಳಿದಾಗೆಲ್ಲ ಒಂದು ಗೆರೆ ಒಣಗಿ ನಿಲ್ಲತ್ತೆ. ಇಷ್ಟು ಗೆರೆ ಒಂದು ರಾತ್ರಿಲಿ ಬರಲ್ಲ. ತವರಿಗೂ ತಗೊಂಡ್ಹೋಗಿದ್ದೆ. ಬಿಟ್ಟು ಹೋದ್ರೆ ಸಾಯತ್ತೆ ಅಂತ. ಹೌದಾ?”

“ಅಮ್ಮ, ನನ್ನನ್ನ ಏನೂ ಕೇಳ್ಬೇಡಿ,” ಅವಳು ಕೈ ಮುಗಿದಳು. “ಸ್ಟೇಷನ್‌ಗೆ ಕಳಿಸ್ಲಿ, ಪರವಾಗಿಲ್ಲ. ಕತ್ತಲಾಗೋದ್ರೊಳಗೆ ಇದನ್ನ ಗುಡಾಣಕ್ಕೆ ಹಾಕ್ಸಿ, ಅಷ್ಟು ಸಾಕು.”

“ಯಾರನ್ನ ಕಾಪಾಡ್ತಿದೀಯಾ?”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಡಿಯಾರ ನೋಡಿಕೊಂಡೆ. ಮಧ್ಯಾಹ್ನ ದಾಟಿತ್ತು.

“ಗಂಡನೇ ಇರ್ಬೇಕು!” ಹೊರಗೆ ಬಂದ ಕೂಡಲೇ ನಾನು ಪತ್ತೇದಾರಿಕೆ ಶುರುಮಾಡಿದೆ. “ಮೊಳೆಗೆ ತೂಗಿದ ಬೀಗದ ಕೈ ಅವನಿಗೂ ಸಿಗತ್ತೆ. ಗಂಡನಿಗೋಸ್ಕರ ಬಾಯಿ ಮುಚ್ಕೊಂಡಿದಾಳೆ.”

“ಮೈದುನ, ನಿನ್ನ ರಾಣಿ ಕಥೆಗಳು ಇದಕ್ಕಿಂತ ಚೆನ್ನಾಗಿರ್ತವೆ.”

ಹೆಪ್ಪಿನಮ್ಮ ತಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ಗೋಡೆಗೊರಗಿ ಕೂತಿದ್ದರು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. “ಕಾಫಿಗೆ ನಾನೇ ಹಾಲಿಡ್ತೀನಿ,” ಎಂದು ಅತ್ತಿಗೆ ಒಲೆ ಹಚ್ಚಿದರು. ಹಚ್ಚಿ ಬಂದು, ಆಕೆಯ ಮುಂದೆ ಕೂತು ಮಾತಿಗೆಳೆದರು. ಮೊದಲ ಸಲ ಉಗ್ರಾಣಕ್ಕೆ ಹೋದ ದಿನ, ಅತ್ತೆ ಹೇಳಿಕೊಟ್ಟ ಬಗೆ, ಎರಡು ವರ್ಷದ ಹಿಂದೆ ಬಂದ ದೊಡ್ಡ ಜ್ವರ, ಆಮೇಲೆ ಉಗ್ರಾಣದ ಕಸ ಗುಡಿಸುವ ಕೆಲಸ ಸೊಸೆ ವಹಿಸಿಕೊಂಡದ್ದು. ಹೆಪ್ಪಿನಮ್ಮ ಹೇಳುತ್ತ ಹೋದರು. ಅತ್ತಿಗೆ ಕೇಳುತ್ತ ಹೋದರು. ಹಾಲು ಯಾರಿಗೂ ನೆನಪಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನಗೆ ಸೀದ ವಾಸನೆ ಗಪ್ಪನೆ ಹೊಡೆಯಿತು.

“ಹಾಲು! ಹಾಲು ತಳ ಹಿಡೀತು!” ಎಂದು ನುಗ್ಗಿ ಒಲೆ ಆರಿಸಿದೆ. ಪಾತ್ರೆ ಕರಕಲಾಗಿತ್ತು.

ಹೆಪ್ಪಿನಮ್ಮ ಬೆಚ್ಚಿ ಪಾತ್ರೆ ನೋಡಿದರು. “ಗಮನ ಎಲ್ಲೋ ಇತ್ತು...” ಅಂದರು. ಪಾಪ, ಇಂಥ ದಿನ ಯಾರಿಗಾದರೂ ಹಾಗೆಯೇ ಅಂದುಕೊಂಡೆ. ಅತ್ತಿಗೆಯ ಮೇಲೆ ಸಿಟ್ಟು ಬಂತು. ಹಾಲಿಟ್ಟವರೇ ನೋಡಿಕೊಳ್ಳಬಾರದೇ?

ಅತ್ತಿಗೆ ಎದ್ದು ನನ್ನನ್ನು ಹೊರಗೆ ಕರೆದರು. ಅವರ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. ಬೇಸರವಿತ್ತು.

“ನಿನ್ನ ಹಳೇ ಅಡುಗೆಮನೆಗೆ ನಡಿ. ಆ ರಾಣಿ ವಿಷ ಇಟ್ಟ ಭರಣಿ ತೋರಿಸು.”

“ಈಗ ತಮಾಷೆ ಬೇಡ, ಅತ್ತಿಗೆ.”

“ತೋರಿಸು ಅಂದೆ. ಬೆಳಗ್ಗೆ ನೀನು ಅದರ ಮೇಲಿಂದ ಕೈ ತೆಗೆದಾಗ ಅಂಗೈಗೆ ಒಂಚೂರೂ ಧೂಳು ಹತ್ತಿರಲಿಲ್ಲ.”

ತೋರಿಸಿದೆ. ಅವರು ಅದನ್ನು ಗೂಡಿನಿಂದ ಇಳಿಸಿ, ಒಳಗೆ ಕೈಯಿಳಿಸಿ, ಬೆರಳನ್ನು ನನ್ನ ಮುಂದೆ ಹಿಡಿದರು. ಪಸೆ! ನೂರಾರು ವರ್ಷದಿಂದ ಖಾಲಿಯಿದೆ ಎಂದು ನಾನು ಜನರಿಗೆ ಹೇಳುತ್ತಿದ್ದ ಭರಣಿಗಳಲ್ಲಿ ಒಂದು ಒದ್ದೆಯಾಗಿತ್ತು. ಉಳಿದವುಗಳ ಮೇಲೆ ಬೆರಳಿನಷ್ಟು ಧೂಳು. ಇದು ಮಾತ್ರ ತೊಳೆದು ಒರೆಸಿದ ಹಾಗೆ. ಇಡೀ ಊರು ಹುಡುಕುತ್ತಿದ್ದ ಭರಣಿಯ ಮೇಲೆ ಕೈಯಿಟ್ಟುಕೊಂಡೇ ನಾನು ಬೆಳಗ್ಗೆ ಭಾಷಣ ಬಿಗಿದಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಈಗ ಅಧ್ಯಕ್ಷರನ್ನ, ಆ ಹುಡುಗೀನ, ಅವಳ ಗಂಡನ್ನ ಹೆಪ್ಪಿನಮ್ಮನ ಅಡುಗೆಮನೆಗೆ ಕರ್ಕೊಂಡು ಬಾ. ಬೇರೆ ಯಾರೂ ಬೇಡ.”

ಬಾಗಿಲು ಮುಚ್ಚಿ, ಅತ್ತಿಗೆ ಭರಣಿಯನ್ನು ನೆಲದ ಮೇಲಿಟ್ಟರು. ಹೆಪ್ಪಿನಮ್ಮ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು.

“ಯಾರು ಕದ್ದಿದ್ದು?” ಅಧ್ಯಕ್ಷರು ಕೇಳಿದರು.

“ಯಾರೂ ಕದ್ದಿಲ್ಲ. ಅಧ್ಯಕ್ಷರೇ, ಬೆಳಗ್ಗೆ ಉಗ್ರಾಣಕ್ಕೆ ಬಂದಾಗ ನೀವೇನು ಮಾಡಿದ್ರಿ?”

“ಏನು ಮಾಡ್ದೆ... ಮೂಗು ಮುಚ್ಕೊಂಡೆ. ಆ ದರಿದ್ರ ವಾರ್ನಿಷ್!”

“ನನ್ನ ಮೈದುನ ಟವೆಲ್ ಹಿಡ್ಕೊಂಡ. ನಾನು ಸೀನಿ ಸೀನಿ ಸುಸ್ತಾದೆ. ಆ ಬಾಗಿಲ ಹತ್ರ ಮಲ್ಲಿಗೆ ಬುಟ್ಟಿ ಇಟ್ಟಿದ್ರೂ ವಾಸನೆ ತಿಳೀತಿರ್ಲಿಲ್ಲ. ಆದ್ರೆ ಈ ಅಮ್ಮ ಏನಂದ್ರು? ಬಾಗಿಲು ತೆಗೆದ ಕೂಡ್ಲೇ ಹೆಪ್ಪಿನ ವಾಸನೆ ಬರ್ಲಿಲ್ಲ, ಅದಕ್ಕೇ ಗೊತ್ತಾಯ್ತು ಅಂತ. ವಾರ್ನಿಷ್ ಮಾತೇ ಎತ್ತಲಿಲ್ಲ. ಮೂಗಿಗೆ ಸೆರಗೂ ಹಿಡೀಲಿಲ್ಲ. ಆಗಲೇ ನಂಗೆ ಅನುಮಾನ ಬಂತು. ಅದಕ್ಕೇ ಹಾಲಿಟ್ಟು ಬೇಕಂತಲೇ ಮರೆತೆ. ಪಕ್ಕದಲ್ಲೇ ಕೂತಿದ್ರೂ ಸೀದಿದ್ದು ಇವರಿಗೆ ತಿಳೀಲಿಲ್ಲ.” ಅತ್ತಿಗೆ ಹೆಪ್ಪಿನಮ್ಮನ ಪಕ್ಕ ಕೂತರು. “ಆ ಜ್ವರ ಬಂದಾಗಿನಿಂದ ತಾನೇ, ಅಮ್ಮ?”

ಹೆಪ್ಪಿನಮ್ಮ ತಲೆಯಾಡಿಸಿದರು. ಆಮೇಲೆ ಮಾತು ತಾನಾಗಿ ಬಂತು.

“ಜ್ವರ ಹೋಯ್ತು, ಜೊತೆಗೆ ವಾಸನೇನೂ ಹೋಯ್ತು. ಯಾರಿಗೆ ಹೇಳ್ಲಿ? ವಾಸನೆ ಇಲ್ದಿರೋ ಹೆಪ್ಪಿನಮ್ಮ ಯಾರಿಗೆ ಬೇಕು? ದಿನಾ ಹೋಗಿ ಮೂಗಿಟ್ಟು ನಾಟಕ ಆಡ್ದೆ. ಅಂದಾಜಲ್ಲಿ ಜೇನು ಹಾಕ್ದೆ. ಅದು ಹೇಗೋ ನಡ್ಕೊಂಡು ಹೋಯ್ತು. ಈ ತಿಂಗಳು ಏನಾಯ್ತೋ... ನಿನ್ನೆ ಬೆಳಗ್ಗೆ ಬಟ್ಟೆ ತೆಗೆದ್ರೆ ಮೇಲೆಲ್ಲ ಬೂಷ್ಟು, ಕೆಂಪಗೆ. ಕಣ್ಣಿಗೆ ಕಾಣೋ ಹೊತ್ತಿಗೆ ಎಲ್ಲಾ ಮುಗಿದೋಗಿತ್ತು. ಬಣ್ಣದವನು ಬರೋಕೆ ಮುಂಚೆ ಚೆಲ್ಲಿ, ತೊಳೆದು, ಹಿಂಬಾಗಿಲಿಂದ ಹೋಗಿ ಅಲ್ಲಿಟ್ಟೆ. ನಮ್ಮತ್ತೆ ಕೊಟ್ಟಿದ್ದು, ಒಡೆಯೋಕೆ ಕೈ ಬರ್ಲಿಲ್ಲ. ಕಳ್ಳ ಸಿಗಲ್ಲ, ನಾಲ್ಕು ದಿನ ಮಾತಾಡಿ ಸುಮ್ಮನಾಗ್ತಾರೆ ಅಂದ್ಕೊಂಡೆ. ಇವಳ ಟ್ರಂಕಲ್ಲಿ ಜಾಡಿ ಸಿಗತ್ತೆ ಅಂತ ನಂಗೇನು ಗೊತ್ತು? ಸಿಕ್ಕಿದ ಮೇಲೂ...” ಭರಣಿಯನ್ನು ಹತ್ತಿರಕ್ಕೆಳೆದುಕೊಂಡರು. “ಸಿಕ್ಕಿದ ಮೇಲೂ ಬಾಯಿ ಬಿಡ್ಲಿಲ್ಲ ನಾನು. ಕಳ್ಳಿ ಅಂದ್ರು, ಕೇಳ್ಕೊಂಡು ಕೂತಿದ್ದೆ.”

“ಹೇಗೋ ನಡ್ಕೊಂಡು ಹೋಗಿದ್ದಲ್ಲ, ಅಮ್ಮ,” ಅತ್ತಿಗೆ ಅಂದರು. “ನೀವು ಭರಣಿ ನೋಡಿ ಬಂದ ಮೇಲೆ ದಿನಾ ಕಸ ಗುಡಿಸೋಕೆ ಅಂತ ಉಗ್ರಾಣಕ್ಕೆ ಹೋಗ್ತಿದ್ದವರು ಯಾರು? ಈ ತಿಂಗಳು ಊರಲ್ಲಿ ಇಲ್ದೆ ಇದ್ದವರು ಯಾರು?”

ಹೆಪ್ಪಿನಮ್ಮ ನಿಧಾನವಾಗಿ ಸೊಸೆಯತ್ತ ತಿರುಗಿದರು. “ನಿಂಗೆ ಗೊತ್ತಿತ್ತಾ?”

ಸೊಸೆ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. “ಜ್ವರ ಬಿಟ್ಟ ವಾರಾನೇ ಗೊತ್ತಾಯ್ತು, ಅತ್ತೆ. ಕೆಟ್ಟ ಹಾಲಲ್ಲಿ ಕಾಫಿ ಮಾಡಿ ಕೊಟ್ರಿ.”

“ನಿಮ್ಮ ಕಣ್ತಪ್ಪಿಸಿ ಹೆಪ್ಪು ಸರಿಮಾಡ್ತಿದ್ಲು,” ಅತ್ತಿಗೆ ಅಂದರು. “ಒಂದು ವೇಳೆ ಕೆಟ್ಟೋದ್ರೆ ಅಂತ ಒಂದಿಷ್ಟು ಬೇರೆ ತೆಗೆದಿಟ್ಟಿದ್ಲು. ಯಾಕೆ ಅಂತ ಬಾಯಿಬಿಟ್ರೆ ನಿಮ್ಮ ಗುಟ್ಟು ಹೊರಗೆ ಬರತ್ತೆ. ಅದಕ್ಕೇ ಸ್ಟೇಷನ್‌ಗೆ ಹೋಗೋಕೂ ತಯಾರಾದ್ಲು.”

“ಹೇಳ್ಬಾರ್ದಿತ್ತೇನೇ ನಂಗೆ?” ಹೆಪ್ಪಿನಮ್ಮ ಅತ್ತೇಬಿಟ್ಟರು. “ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀವು ಉಗ್ರಾಣದ ಕಡೆ ಹೋಗೋದೇ ಬಿಟ್ಬಿಡ್ತಿದ್ರಿ,” ಅಂದಳು ಸೊಸೆ. “ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ತಿದ್ರಿ, ಅತ್ತೆ?”

ಮಗ ಗೋಡೆಯ ಕಡೆ ತಿರುಗಿ ನಿಂತ. ನನ್ನ ಕಣ್ಣಲ್ಲೂ ನೀರಿತ್ತು, ಈ ಸಲ ವಾರ್ನಿಷಿನ ನೆಪವಿರಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಆಯ್ತು, ಇದು ಈ ಗೋಡೆ ದಾಟೋದು ಬೇಡ. ಭರಣಿ ಎಲ್ಲೋ ಕೈತಪ್ಪಿ ಇಟ್ಟಿದ್ರು, ಸಿಕ್ತು ಅಂತ ಹೇಳ್ತೀನಿ. ಜೇನುಹುಳಿ ಆದ್ರೆ ಸರಿ, ಜನ ಮರೀತಾರೆ.”

“ಇಲ್ಲ,” ಅಂದರು ಹೆಪ್ಪಿನಮ್ಮ.

“ಅಮ್ಮ, ನಿಮ್ಮ ಮರ್ಯಾದೆಗೋಸ್ಕರಾನೇ ಹೇಳ್ತಿದೀನಿ.”

“ಇವಳನ್ನ ಕಳ್ಳಿ ಅಂದಿದ್ದು ಅಂಗಳದಲ್ಲಿ. ಅಲ್ಲ ಅಂತ ಅಡುಗೆಮನೇಲಿ ಕೂತು ಹೇಳಿದ್ರೆ ಯಾರಿಗೆ ಕೇಳಿಸತ್ತೆ?”

ಗೋಡೆ ಹಿಡಿದು ಎದ್ದರು. ಸೊಸೆ “ಬೇಡ ಅತ್ತೆ” ಎಂದು ಅಡ್ಡ ಬಂದಳು. ಆಕೆ ಅವಳ ಕೈ ಹಿಡಿದುಕೊಂಡೇ ಬಾಗಿಲು ತೆಗೆದರು. ಅಂಗಳದಲ್ಲಿ ಬೆಳಗ್ಗೆಗಿಂತ ಹೆಚ್ಚು ಜನ. ಬಿಸಿಲು ಇಳಿಯುತ್ತಿತ್ತು. ಗುಡಾಣಗಳ ಮುಚ್ಚಳ ತೆಗೆದಿಟ್ಟು ಕಾಯುತ್ತಿದ್ದರು.

“ಕೇಳಿ ಎಲ್ಲರೂ!” ಬೆಳಗ್ಗೆ ಕೂಗಿದ್ದಕ್ಕಿಂತ ಗಟ್ಟಿಯಾಗಿತ್ತು ಆ ದನಿ. “ಹೆಪ್ಪು ಯಾರೂ ಕದ್ದಿಲ್ಲ. ನಾನೇ ಕೆಡಿಸಿದೆ. ಕೆಡಿಸಿ, ಕಳುವಾಯ್ತು ಅಂತ ಸುಳ್ಳು ಹೇಳಿದೆ. ನನಗೆ ಎರಡು ವರ್ಷದಿಂದ ವಾಸನೆ ತಿಳಿಯಲ್ಲ. ಎರಡು ಹಬ್ಬಕ್ಕೆ ನೀವು ಕುಡಿದಿದ್ದು ಇವಳು ಕಾಪಾಡಿದ ಹೆಪ್ಪು. ಇವತ್ತು ಹಾಕೋದೂ ಇವಳದೇ.”

ಬೆಳಗ್ಗೆ ‘ಕಳ್ಳ ಸೊಸೆ’ ಅಂದ ಬಾಯಿ ಯಾವುದೆಂದು ನಾನು ಹುಡುಕಿದೆ, ಸಿಗಲಿಲ್ಲ. ಅಧ್ಯಕ್ಷರೇ ಹೋಗಿ ಗಾಜಿನ ಜಾಡಿ ತಂದುಕೊಟ್ಟರು. ಹೆಪ್ಪಿನಮ್ಮ ಅದರ ಬಟ್ಟೆ ಬಿಚ್ಚಿದರು. ಅಭ್ಯಾಸಬಲದಿಂದ ಮುಖದ ಹತ್ತಿರ ತಂದವರು ಅಲ್ಲಿಗೇ ನಿಲ್ಲಿಸಿ, ಜಾಡಿಯನ್ನು ಸೊಸೆಯ ಮುಖದ ಮುಂದೆ ಹಿಡಿದರು.

“ನೋಡಿ ಹೇಳು. ಹೇಗಿದೆ?”

ಸೊಸೆ ಮೂಗಿಟ್ಟಳು.

“ಚೆನ್ನಾಗಿದೆ ಅತ್ತೆ. ಒಂಚೂರು ಜೇನು ಕೇಳ್ತಿದೆ.”

“ಹಾಗಾದ್ರೆ ಕೊಡು,” ಅಂದರು ಹೆಪ್ಪಿನಮ್ಮ, ಅಂಗಳಕ್ಕೆಲ್ಲ ಕೇಳುವ ಹಾಗೆ. “ಇನ್ಮೇಲೆ ಹೆಪ್ಪು ಏನು ಕೇಳತ್ತೆ ಅಂತ ಹೇಳ್ಬೇಕಾದವಳು ನೀನೇ.”